ಮಳೆಗೆ ಮುಂಚಿನ ಮದ್ದು

ಸಂಜೆಯ ವಾರ್ತೆ ಕೇಳಲೆಂದು ರೇಡಿಯೋ ಹಾಕಿದವರ ಕಿವಿಗೆ ಅದಕ್ಕೆ ಮೊದಲು ಬರುವ ಕೃಷಿಕರ ಕಾರ್ಯಕ್ರಮದ ನಾಲ್ಕು ಮಾತು ಬಿದ್ದೇ ಇರುತ್ತದೆ. ಮುಂಗಾರು ಹತ್ತಿರ ಬಂತೆಂದರೆ ಅಲ್ಲಿ ಒಂದು ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ: ಕೊಳೆರೋಗ. ಪೇಟೆಯಲ್ಲಿರುವ ನಮಗೆ ಅದು ಯಾವುದೋ ದೂರದ ತೋಟದ ಸುದ್ದಿ. ಆದರೆ ಊಟವಾದ ಮೇಲೆ ತಾಂಬೂಲದ ತಟ್ಟೆ ಮುಂದೆ ಬಂದಾಗ ಆ ಸುದ್ದಿಯೂ ಅದರೊಡನೆ ನಮ್ಮ ಮನೆಗೆ ಬಂದಿರುತ್ತದೆ. ಅಡಿಕೆ ತಾಳೆಯ ಬಳಗದ ಮರ. ವೀಳ್ಯದೆಲೆ ಮತ್ತು ಕಾಳುಮೆಣಸು ಅಕ್ಕತಂಗಿಯರಂಥ ಎರಡು ಬಳ್ಳಿಗಳು. ಈ ಮೂರಕ್ಕೂ ಬೀಳುವ ಅತ್ಯಂತ ಕೆಟ್ಟ ರೋಗಗಳು ಒಂದೇ ಕುಲದ ಸೂಕ್ಷ್ಮಜೀವಿಗಳಿಂದ ಬರುತ್ತವೆ. ಆ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಫೈಟಾಫ್ತೊರ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಗಿಡನಾಶಕ’ ಎಂದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ, ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಅದರ ಹಿಂದೆ ಬಂದ ರೋಗಗಳಿಂದಲೂ ಸಾಯುವುದಕ್ಕೆ ಮೊದಲ ಕಾರಣವಾದದ್ದು ಇದೇ ಕುಲದ ಇನ್ನೊಂದು ಜೀವಿ.

ಇಂಥ ರೋಗಗಳಿಗೆ ನಾವು ರೂಢಿಯಿಂದ ಬೂಷ್ಟುರೋಗ ಅಥವಾ ಶಿಲೀಂಧ್ರ ರೋಗ ಎನ್ನುತ್ತೇವೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಫೈಟಾಫ್ತೊರ ನಿಜವಾದ ಬೂಷ್ಟಲ್ಲ. ಅದು ಸಮುದ್ರದ ಕಂದು ಪಾಚಿಗೆ ಹತ್ತಿರದ ನೆಂಟ. ಆದರೆ ಎಳೆಎಳೆಯಾಗಿ ಬೆಳೆಯುವ ರೀತಿ, ಗಿಡವನ್ನು ಹೊಕ್ಕು ಕೊಳೆಸುವ ರೀತಿ ಬೂಷ್ಟಿನದೇ. ಪಾಚಿಯ ನೆಂಟಸ್ತಿಕೆಯಿಂದ ಅದಕ್ಕೆ ಬಂದ ವಿದ್ಯೆ ಒಂದಿದೆ: ಈಜು. ಇದರ ಬೀಜಕಣಗಳಿಗೆ ಕೂದಲೆಳೆಯಂಥ ಬಾಲಗಳಿದ್ದು, ಎಲೆಯ ಮೇಲೆ, ಕಾಯಿಯ ಮೇಲೆ ತೆಳುವಾಗಿ ನಿಂತ ನೀರಿನಲ್ಲಿ ಅವು ಈಜಿಕೊಂಡು ಹೋಗುತ್ತವೆ. ಅಡಿಕೆಯ ಗೊನೆಯಲ್ಲಿ, ತೊಟ್ಟಿನ ಬುಡದಲ್ಲಿ, ನೀರು ನಿಲ್ಲುವ ಸಂದು ಸಿಕ್ಕರೆ ಅಲ್ಲಿ ಮೊಳೆತು ಒಳಗೆ ಇಳಿಯುತ್ತವೆ.

ಮುಂಗಾರು ಹಿಡಿದು ಹದಿನೈದು ಇಪ್ಪತ್ತು ದಿನಗಳಾದ ಮೇಲೆ ತೋಟಕ್ಕೆ ಹೋದವರಿಗೆ ಇದರ ಫಲ ಕಾಣುತ್ತದೆ. ಹಸಿರು ಕಾಯಿಯ ತೊಟ್ಟಿನ ಹತ್ತಿರ ನೀರಿನಲ್ಲಿ ನೆನೆದಂಥ ಕಡುಬಣ್ಣದ ಮಚ್ಚೆ. ನಾಲ್ಕು ದಿನ ಕಳೆದರೆ ಮರದ ಬುಡದಲ್ಲಿ ಉದುರಿದ ಕಾಯಿಗಳ ರಾಶಿ. ಅವುಗಳ ಮೇಲೆ ಹತ್ತಿಯಂಥ ಬಿಳಿ ಹೊದಿಕೆ. ಎಡೆಬಿಡದ ಮಳೆ, ನಡುನಡುವೆ ಒಂದಿಷ್ಟು ಬಿಸಿಲು, ತಂಪು ಹವೆ, ಬೀಸುಗಾಳಿ ಇವಿಷ್ಟು ಕೂಡಿದರೆ ರೋಗ ಮರದಿಂದ ಮರಕ್ಕೆ ಹಾರುತ್ತದೆ. ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ವರ್ಷಕ್ಕೊಂದೇ ಫಸಲನ್ನು ನಂಬಿಕೊಂಡ ಕುಟುಂಬಕ್ಕೆ ಇದು ಸಣ್ಣ ಪೆಟ್ಟಲ್ಲ. ಮಕ್ಕಳ ಶಾಲೆಯ ಫೀಜು, ಮನೆಯ ಸಾಲ, ಮಗಳ ಮದುವೆ ಎಲ್ಲವೂ ಮರದ ತುದಿಯಲ್ಲಿ ಆ ಗೊನೆಯ ಜೊತೆಯಲ್ಲೇ ತೂಗಾಡುತ್ತಿರುತ್ತವೆ.

ಈ ರೋಗವನ್ನು ಮೈಸೂರು ಸಂಸ್ಥಾನದಲ್ಲಿ ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿ. 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ಅವರು ಮಲೆನಾಡಿನ ತೋಟಗಳಲ್ಲಿ ಓಡಾಡಿ, 1910ರಲ್ಲಿ ಕೊಳೆರೋಗದ ಮೇಲೆ ತಮ್ಮ ವರದಿ ಪ್ರಕಟಿಸಿದರು. ಅವರು ತೋರಿಸಿದ ಮದ್ದು ಬೋರ್ಡೋ ದ್ರಾವಣ, ಎಂದರೆ ಮೈಲುತುತ್ತ ಮತ್ತು ಸುಣ್ಣದ ನೀರು. ಈ ಮದ್ದಿನ ಹುಟ್ಟಿನ ಕಥೆಯೂ ಸ್ವಾರಸ್ಯವಾದದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಎರಚುತ್ತಿದ್ದರು. ನೀಲಿ ಬಳಿದ ಹಣ್ಣನ್ನು ಯಾರು ತಿಂದಾರು! 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ನೋಡುತ್ತಾರೆ, ಒಳಗಿನ ಬಳ್ಳಿಗಳೆಲ್ಲ ಬೂಷ್ಟಿನಿಂದ ಎಲೆ ಉದುರಿಸಿ ನಿಂತಿವೆ. ಕಳ್ಳರಿಗೆಂದು ಬಳಿದ ರಸ್ತೆಬದಿಯ ಬಳ್ಳಿಗಳು ಮಾತ್ರ ಹಸಿರಾಗಿವೆ. ಅಲ್ಲಿಂದ ಅದು ಲೋಕಕ್ಕೆಲ್ಲ ಮದ್ದಾಯಿತು. ನಮ್ಮ ಮಲೆನಾಡಿನ ಎಷ್ಟೋ ಮನೆಗಳನ್ನು ಕಾಪಾಡಿದ್ದೂ ಅದೇ. ಈ ಉಪಕಾರವನ್ನು ಮರೆತು ಮಾತನಾಡುವುದು ನ್ಯಾಯವಲ್ಲ.

ಹಾಗಾದರೆ ಬೇರೆ ದಾರಿಯನ್ನು ಏಕೆ ಹುಡುಕಬೇಕು? ಲೆಕ್ಕ ಹಾಕಿ ನೋಡೋಣ. ಶೇಕಡಾ ಒಂದರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಒಂದು ಕಿಲೋ ಮೈಲುತುತ್ತದಲ್ಲಿ ಕಾಲು ಕಿಲೋ ತಾಮ್ರವಿದೆ. ತಾಮ್ರ ಮೂಲಧಾತು, ಕೊಳೆತು ಕರಗಿಹೋಗುವ ವಸ್ತುವಲ್ಲ. ಮಳೆ ತೊಳೆದದ್ದೆಲ್ಲ ಮರದ ಬುಡದ ಮಣ್ಣಿಗೆ ಇಳಿದು ಬಹುಪಾಲು ಅಲ್ಲಿಯೇ ಕೂರುತ್ತದೆ. ಅಜ್ಜ ಹೊಡೆಸಿದ ಔಷಧಿಯ ತಾಮ್ರ ಮೊಮ್ಮಗನ ತೋಟದಲ್ಲಿ ಹಾಗೆಯೇ ಇರುತ್ತದೆ. ಹೆಚ್ಚಾದ ತಾಮ್ರ ಎರೆಹುಳುವಿಗೂ ಮಣ್ಣಿನ ಉಪಕಾರಿ ಜೀವಿಗಳಿಗೂ ಕೆಡುಕು. ಬೋರ್ಡೋ ಹುಟ್ಟಿದ ಐರೋಪ್ಯ ದೇಶಗಳೇ 2018ರಲ್ಲಿ ಇದಕ್ಕೊಂದು ಮಿತಿ ಹಾಕಿದವು: ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬೀಳಬಾರದು ಎಂದು. ಇನ್ನು ಆಮೇಲೆ ಬಂದ, ಗಿಡದ ಒಳಗೆ ಹರಿಯುವ ಹೊಸ ಔಷಧಿಗಳದು ಬೇರೊಂದು ತೊಡಕು. ಒಂದನ್ನೇ ಪದೇ ಪದೇ ಬಳಸಿದರೆ ಬೂಷ್ಟು ಅದಕ್ಕೆ ಒಗ್ಗಿಕೊಂಡುಬಿಡುತ್ತದೆ.

ಆದ್ದರಿಂದ ನಿಸರ್ಗವೇ ಒದಗಿಸಿರುವ ತಡೆಗಳೇನು, ಅವು ಎಲ್ಲಿ ಸಲ್ಲುತ್ತವೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ತಿಳಿಯಬೇಕು. ಅದಕ್ಕೆ ಒಂದು ಸೂತ್ರ ನೆನಪಿನಲ್ಲಿದ್ದರೆ ಸಾಕು. ಈ ಬಗೆಯ ರೋಗ ಬರಬೇಕಾದರೆ ಮೂರು ಕೂಡಬೇಕು: ರೋಗಕ್ಕೆ ಒಲಿಯುವ ಬೆಳೆ, ರೋಗದ ಬೀಜ, ಅದಕ್ಕೆ ಒಗ್ಗುವ ಹವೆ. ಮೂರರಲ್ಲಿ ಒಂದನ್ನು ತಪ್ಪಿಸಿದರೂ ರೋಗಕ್ಕೆ ನೆಲೆಯಿಲ್ಲ. ನಮ್ಮ ಗೃಹಿಣಿಯರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಬಾರದು, ಹಪ್ಪಳ ಗರಿಗರಿಯಾಗಿ ಒಣಗದೆ ಡಬ್ಬಿಗೆ ತುಂಬಬಾರದು ಎನ್ನುವಾಗ ಅವರು ಮಾಡುತ್ತಿರುವುದು ಇದನ್ನೇ. ಬೂಷ್ಟು ಬಂದಮೇಲೆ ಕೊಲ್ಲುವುದಲ್ಲ. ಅದಕ್ಕೆ ಬೇಕಾದ ತೇವವನ್ನು ಕೊಡದಿರುವುದು.

ಕೋಲ್ಮನ್ ಸಾಹೇಬರು ಬರುವುದಕ್ಕೆ ಮೊದಲೇ ಮಲೆನಾಡಿನ ರೈತರು ಮಾಡಿದ್ದೂ ಇದನ್ನೇ. ಬ್ಯಾಣದಲ್ಲಿ ಬೆಳೆದ ಕರಡದ ಹುಲ್ಲನ್ನು ಕೊಯ್ದು ಒಣಗಿಸಿ, ಹೆಣೆದು, ಮಳೆಗಾಲಕ್ಕೆ ಮುಂಚೆ ಒಂದೊಂದು ಗೊನೆಗೂ ಹೊದಿಸಿ ಕಟ್ಟುತ್ತಿದ್ದರು. ಇದಕ್ಕೆ ಕೊಟ್ಟೆ ಕಟ್ಟುವುದು ಎನ್ನುತ್ತಾರೆ. ಮಳೆಯಲ್ಲಿ ಗದ್ದೆಗೆ ಹೋಗುವವರು ಕಂಬಳಿಕೊಪ್ಪೆ ಹಾಕಿಕೊಂಡಂತೆ, ಅಡಿಕೆಯ ಗೊನೆಗೂ ಒಂದು ಕೊಪ್ಪೆ. ನೀರು ಹುಲ್ಲಿನ ಮೇಲೆ ಇಳಿದು ಹೊರಗೆ ಜಾರುತ್ತದೆ. ಕೆಳಗೆ ಬಾಯಿ ತೆರೆದಿರುವುದರಿಂದ ಗಾಳಿಯಾಡುತ್ತದೆ. ತೊಟ್ಟಿನ ಸಂದಿಯಲ್ಲಿ ನೀರು ನಿಲ್ಲದಿದ್ದರೆ ಈಜುಗಾರನಿಗೆ ಕೆಲಸವೇ ಇಲ್ಲ. ಮಳೆಗಾಲ ಕಳೆದ ಮೇಲೆ ಆ ಹುಲ್ಲು ತೋಟಕ್ಕೇ ಗೊಬ್ಬರ. ಸೂಕ್ಷ್ಮದರ್ಶಕವನ್ನು ಕಾಣದ ಜನ ರೋಗದ ಮರ್ಮವನ್ನು ಎಷ್ಟು ಚೆನ್ನಾಗಿ ಹಿಡಿದಿದ್ದರು ಎಂದು ಆಶ್ಚರ್ಯವಾಗುತ್ತದೆ.

ಕರಡದ ಜಾಗಕ್ಕೆ ಮುಂದೆ ಪ್ಲಾಸ್ಟಿಕ್ ಕೊಟ್ಟೆ ಬಂತು. ಸರಿಯಾಗಿ ಕಟ್ಟಿದರೆ ಅದೂ ಚೆನ್ನಾಗಿ ಕಾಯುತ್ತದೆ. ಆದರೆ ಹರಿದ ಚೂರುಗಳು ತೋಟದಲ್ಲಿ ಉಳಿಯುತ್ತವೆ. ಹುಲ್ಲಾಗಲಿ ಪ್ಲಾಸ್ಟಿಕ್ಕಾಗಲಿ, ಕೊಟ್ಟೆಯ ಕಷ್ಟ ಕಟ್ಟುವವರಲ್ಲಿದೆ. ಮರದ ತುದಿಯಲ್ಲಿ ಕೂತು, ಒಂದು ಮರದಿಂದಲೇ ಪಕ್ಕದ ಮರಕ್ಕೆ ತೂಗಿ ದಾಟುವ ಕೊನೆಗೌಡರ ವಿದ್ಯೆ ಎಲ್ಲರಿಗೂ ಬರುವಂಥದಲ್ಲ. ಜೀವದ ಹಂಗು ತೊರೆದು ಮಾಡುವ ಕೆಲಸ ಅದು. ಅವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಈಚೆಗೆ ಕಾರ್ಬನ್ ಫೈಬರಿನ ಹಗುರವಾದ ಉದ್ದನೆಯ ದೋಟಿಗಳು ಬಂದು, ನೆಲದಲ್ಲಿ ನಿಂತೇ ಔಷಧಿ ಹೊಡೆಯುವುದೂ ಗೊನೆ ಇಳಿಸುವುದೂ ಸಾಧ್ಯವಾಗಿದೆ. ಕೊಟ್ಟೆ ಕಟ್ಟುವುದಕ್ಕಾದರೋ ಮನುಷ್ಯ ಮರ ಹತ್ತಲೇಬೇಕು. ಹಳೆಯ ಪದ್ಧತಿ ಒಳ್ಳೆಯದೆಂದು ಹೊಗಳುವಾಗ, ಹತ್ತುವವನು ಯಾರು, ಅವನಿಗೆ ಕೂಲಿಯೆಷ್ಟು, ರಕ್ಷಣೆಯೇನು ಎಂಬ ಪ್ರಶ್ನೆಯನ್ನೂ ಕೇಳಬೇಕು.

ಮರ ಹತ್ತದೆ ಮಾಡಬಹುದಾದ ಕೆಲಸವೂ ಉಂಟು. ಅದು ಶುಚಿತ್ವ. ಉದುರಿದ ಕೊಳೆಗಾಯಿಗಳನ್ನು ದಿನದಿನವೂ ಆರಿಸಿ ತೋಟದಿಂದ ದೂರ ಸಾಗಿಸಿ ನಾಶ ಮಾಡಬೇಕು. ಹಿಂದಿನ ವರ್ಷದ ಒಣಗಿದ ಗೊನೆಗಳು ಮರದಲ್ಲೇ ಉಳಿದಿದ್ದರೆ ತೆಗೆಸಬೇಕು. ರೋಗದ ಬೀಜ ಬೇಸಗೆಯನ್ನು ಕಳೆಯುವುದು ಅಲ್ಲಿಯೂ ಮಣ್ಣಿನಲ್ಲಿಯೂ. ಬಸಿಗಾಲುವೆಗಳನ್ನು ಮಳೆಗೆ ಮುಂಚೆ ಕೆತ್ತಿಸಿ, ನೀರು ನಿಲ್ಲದೆ ಹರಿಯುವಂತೆ ಮಾಡಬೇಕು. ಇವಕ್ಕೆ ಅಂಗಡಿಯಲ್ಲಿ ಬೆಲೆಯಿಲ್ಲ. ಅದಕ್ಕೇ ಇರಬೇಕು, ಇವನ್ನು ಮದ್ದೆಂದು ಯಾರೂ ಎಣಿಸುವುದಿಲ್ಲ.

ಗೊನೆ ಇರುವುದು ಆಕಾಶದಲ್ಲಿ. ಅದಕ್ಕೆ ಕೊಪ್ಪೆ ಹಾಕಬಹುದು. ಮೆಣಸಿನ ಬಳ್ಳಿಯ ಬೇರಿಗೆ ಏನು ಹೊದಿಸೋಣ? ಮೆಣಸಿನ ಶೀಘ್ರ ಸೊರಗು ರೋಗವೂ ಫೈಟಾಫ್ತೊರದ್ದೇ. ನಿನ್ನೆ ಹಸಿರಾಗಿದ್ದ ಬಳ್ಳಿ ಕೆಲವೇ ದಿನಗಳಲ್ಲಿ ಎಲೆ ಉದುರಿಸಿ ಬರೀ ಹಂಬಾಗಿ ನಿಲ್ಲುತ್ತದೆ. ವೈರಿ ಮಣ್ಣಿನಲ್ಲಿರುವಾಗ ಕಾವಲುಗಾರನನ್ನೂ ಮಣ್ಣಿನಲ್ಲಿಯೇ ನಿಲ್ಲಿಸಬೇಕು. ಆ ಕಾವಲುಗಾರನ ಹೆಸರು ಟ್ರೈಕೋಡರ್ಮಾ. ಇದು ಸ್ವತಃ ಒಂದು ಬೂಷ್ಟು. ಹಸಿರು ಬಣ್ಣದ್ದು, ಮಣ್ಣಿನಲ್ಲಿ, ಕೊಳೆಯುವ ಸೌದೆಯ ಮೇಲೆ ತಾನಾಗಿ ಬೆಳೆಯುವಂಥದು. 1932ರಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿ, ಇದು ಇತರ ಬೂಷ್ಟುಗಳನ್ನು ಬೇಟೆಯಾಡುವ ಪರಿಯನ್ನು ವಿವರಿಸಿದರು. ವೈರಿಯ ಎಳೆಯನ್ನು ಬಳ್ಳಿಯಂತೆ ಸುತ್ತಿಕೊಂಡು, ಅದರ ಹೊರಗೋಡೆಯನ್ನು ಕರಗಿಸುವ ರಸ ಸುರಿಸಿ, ಒಳಗಿನದನ್ನು ಹೀರುತ್ತದೆ. ಬೇಟೆಯಿಲ್ಲದಾಗಲೂ ಸುಮ್ಮನಿರುವುದಿಲ್ಲ, ಬೇರಿನ ಸುತ್ತ ಜಾಗ ಹಿಡಿದು, ಆಹಾರವನ್ನು ತಾನೇ ಉಂಡು, ಬಂದವರಿಗೆ ಎಡೆಯಿಲ್ಲದಂತೆ ಮಾಡುತ್ತದೆ.

ಇದನ್ನು ಬಳಸುವ ಕ್ರಮ ಕಷ್ಟವಲ್ಲ. ಒಂದು ಕಿಲೋ ಟ್ರೈಕೋಡರ್ಮಾ ಪುಡಿಯನ್ನು ಚೆನ್ನಾಗಿ ಕಳಿತ 100 ಕಿಲೋ ಕೊಟ್ಟಿಗೆ ಗೊಬ್ಬರ, ಸುಮಾರು 10 ಕಿಲೋ ಬೇವಿನ ಹಿಂಡಿಯೊಡನೆ ಬೆರೆಸಿ, ಹಿಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ, ನೆರಳಿನಲ್ಲಿ ರಾಶಿ ಹಾಕಿ, ಒದ್ದೆ ಗೋಣಿತಾಟು ಮುಚ್ಚಬೇಕು. ನಡುವೆ ಒಮ್ಮೆ ಮಗುಚಿದರೆ ಹತ್ತು ಹದಿನೈದು ದಿನಗಳಲ್ಲಿ ಅದು ರಾಶಿಯ ತುಂಬ ಹಬ್ಬುತ್ತದೆ. ಮೊಸರಿಗೆ ಹೆಪ್ಪು ಹಾಕಿದಂತೆಯೇ ಸರಿ. ಮುಂಗಾರಿನ ಮೊದಲಲ್ಲಿ ಬಳ್ಳಿಯ ಬುಡಕ್ಕೆ ಈ ಗೊಬ್ಬರ ಕೊಟ್ಟು, ಮಳೆಗಾಲದ ಕೊನೆಯ ಭಾಗದಲ್ಲಿ ಮತ್ತೊಮ್ಮೆ ಕೊಡುವುದು ವಾಡಿಕೆ. ಕಲ್ಲಿಕೋಟೆಯಲ್ಲಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯೂ ಮೆಣಸಿಗೆ ಟ್ರೈಕೋಡರ್ಮಾವನ್ನು ಶಿಫಾರಸು ಮಾಡುತ್ತದೆ. ಒಂದು ಮಾತು ಮಾತ್ರ ಮರೆಯಬಾರದು: ಇದು ಜೀವವಿರುವ ಮದ್ದು. ಪೊಟ್ಟಣದ ಮೇಲಿನ ಅವಧಿ ಮೀರಿದ್ದರೆ, ಬಿಸಿಲಿನಲ್ಲಿ ಬಿದ್ದಿದ್ದರೆ ಪುಡಿ ಉಳಿದಿರುತ್ತದೆ, ಜೀವ ಉಳಿದಿರುವುದಿಲ್ಲ. ಬೂಷ್ಟುನಾಶಕ ಔಷಧಿಯೊಡನೆ ಇದನ್ನು ಕಲಸುವುದೂ ಸಲ್ಲದು. ಕಾವಲುಗಾರನಿಗೇ ವಿಷವಿಟ್ಟು ಕಳ್ಳನನ್ನು ಹಿಡಿಯೆಂದರೆ ಹೇಗೆ?

ಮೂರನೆಯ ತಡೆ ಬೀಜದಲ್ಲಿಯೇ ಇದೆ. ಕಡಲೆ, ತೊಗರಿಯಂಥ ಕಾಳುಗಳ ಬೀಜಕ್ಕೆ ಕಿಲೋ ಒಂದಕ್ಕೆ 4 ಗ್ರಾಂನಂತೆ ಟ್ರೈಕೋಡರ್ಮಾ ಲೇಪಿಸಿ ಬಿತ್ತಿದರೆ, ಮೊಳಕೆಯ ವಯಸ್ಸಿನಲ್ಲಿ ಬರುವ ಬೇರುಕೊಳೆಯಿಂದ ರಕ್ಷಣೆ ಸಿಗುತ್ತದೆ. ಇದಕ್ಕಿಂತ ಸರಳವಾದ ಉಪಾಯವನ್ನು 1934ರಲ್ಲಿ ಅಂದಿನ ಪಂಜಾಬಿನ ವಿಜ್ಞಾನಿಗಳಾದ ಲೂತ್ರಾ ಮತ್ತು ಸತ್ತಾರ್ ಅವರು ಗೋಧಿಗೆ ತೋರಿಸಿದರು. ಗೋಧಿಯ ಕಾಡಿಗೆ ರೋಗದ ಬೂಷ್ಟು ಕಾಳಿನ ಒಳಗೆ ನಿದ್ದೆ ಮಾಡುತ್ತಿರುತ್ತದೆ. ಕಾಳಿನ ಹೊರಮೈಯಲ್ಲೇ ಉಳಿಯುವ ಮದ್ದು ಅದನ್ನು ಮುಟ್ಟದು. ಕಡುಬೇಸಗೆಯ ಒಂದು ಬೆಳಿಗ್ಗೆ ಬೀಜವನ್ನು ನಾಲ್ಕು ಗಂಟೆ ನೀರಿನಲ್ಲಿ ನೆನೆಹಾಕಿ, ಮಧ್ಯಾಹ್ನದ ಬಿಸಿಲಿಗೆ ತೆಳುವಾಗಿ ಹರಡಬೇಕು. ನೀರು ತಾಗಿ ಬೂಷ್ಟು ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡದ್ದು ಬಿಸಿಲಿನ ಕಾವಿಗೆ ಸಾಯುತ್ತದೆ. ಗೋಧಿ ಮಾತ್ರ ಬದುಕಿ ಉಳಿಯುತ್ತದೆ. ಖರ್ಚು ಒಂದು ಕೊಡ ನೀರು. ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುವ ಬಿಸಿಲೇ ಇಲ್ಲಿ ಔಷಧಿಯಾಯಿತು.

ಬೆಳೆಗೇ ರೋಗವನ್ನು ಎದುರಿಸುವ ಗುಣವಿದ್ದರೆ ಇನ್ನೂ ಒಳ್ಳೆಯದು. ರಾಗಿಗೆ ಬರುವ ಬೆಂಕಿ ರೋಗ ತೆನೆಯ ಕುತ್ತಿಗೆಗೆ ಹಿಡಿದರೆ ಕಾಳು ಜೊಳ್ಳಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದ ಜಿ.ಪಿ.ಯು. 28 ಎಂಬ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ರೈತ ಬಿತ್ತನೆಯ ದಿನವೇ ಔಷಧಿಯ ಕೆಲಸವನ್ನು ಮುಗಿಸಿದಂತೆ. ನಮ್ಮ ತಟ್ಟೆಯ ಮುದ್ದೆಯ ಹಿಂದೆ ಇಂಥ ವರ್ಷಗಟ್ಟಲೆಯ ದುಡಿಮೆಯಿದೆ.

ಹಿತ್ತಿಲಿನಲ್ಲಿ ನಾಲ್ಕು ಗಿಡ ಬೆಳೆಸುವ ಪೇಟೆಯವರಿಗೂ ಒಂದು ಮಾತು. ಕುಂಬಳ, ಸೌತೆ, ಗುಲಾಬಿಯ ಎಲೆಗಳ ಮೇಲೆ ಹಿಟ್ಟು ಉದುರಿಸಿದಂತೆ ಕಾಣುವುದು ಬೂದಿ ರೋಗ. ಇದರ ಸ್ವಭಾವ ಕೊಳೆರೋಗಕ್ಕೆ ತಿರುಗುಮುರುಗು: ಎಲೆಯ ಮೇಲೆ ನೀರು ನಿಲ್ಲಬೇಕಾಗಿಲ್ಲ, ಮೋಡ ಮುಸುಕಿದ ತಂಪು ಹವೆ ಸಾಕು. 1999ರಲ್ಲಿ ಬ್ರೆಜಿಲ್ ದೇಶದ ಬೆಟ್ಟಿಯೋಲ್ ಎಂಬ ವಿಜ್ಞಾನಿ ಕುಂಬಳದ ಜಾತಿಯ ಗಿಡಗಳಿಗೆ ಹಸುವಿನ ಹಾಲನ್ನು ನೀರು ಬೆರೆಸಿ ಸಿಂಪಡಿಸಿ, ಈ ರೋಗ ಹತೋಟಿಗೆ ಬರುವುದನ್ನು ತೋರಿಸಿದರು. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು. ವಾರಕ್ಕೊಮ್ಮೆ, ಬೆಳಿಗ್ಗೆ, ಎಲೆಯ ಎರಡೂ ಬದಿಗೆ. ಹಾಲು ಹೆಚ್ಚಾದರೆ ಗುಣವೂ ಹೆಚ್ಚೆಂದು ತಿಳಿಯಬಾರದು; ಗಟ್ಟಿಹಾಲಿನ ಮೇಲೆ ಬೇರೆಯ ಬೂಷ್ಟು ಬೆಳೆಯುತ್ತದೆ. ತುಂಬ ಹಿಡಿದ ಎಲೆಗಳನ್ನು ಕಿತ್ತು ಹಾಕಿ, ಗಿಡಗಳ ನಡುವೆ ಗಾಳಿಯಾಡಲು ಬಿಟ್ಟು, ಮೊದಲ ಚುಕ್ಕೆ ಕಂಡಾಗಲೇ ಆರಂಭಿಸಿದರೆ ಗುಣ ಕಾಣುತ್ತದೆ.

ಮೊದಲ ಚುಕ್ಕೆ ಕಂಡಾಗಲೇ ಎಂದೆ. ನಿಸರ್ಗದ ಮದ್ದುಗಳ ವಿಷಯದಲ್ಲಿ ಇದೇ ಮುಖ್ಯವಾದ ಮಾತು. ಕೊಟ್ಟೆಯಾಗಲಿ, ಟ್ರೈಕೋಡರ್ಮಾ ಆಗಲಿ, ಬಿಸಿಲಾಗಲಿ, ಇವು ಬಾಗಿಲು ಕಾಯುತ್ತವೆ. ಒಳಗೆ ಹೊಕ್ಕ ಕಳ್ಳನನ್ನು ಹೊರಗೆಳೆದು ತರುವುದಿಲ್ಲ. ಬೋರ್ಡೋ ದ್ರಾವಣವೂ ಹಾಗೆಯೇ. ಕೊಳೆತ ಕಾಯನ್ನು ಮತ್ತೆ ಹಸಿರು ಮಾಡುವ ಮದ್ದು ಯಾವ ಅಂಗಡಿಯಲ್ಲಿಯೂ ಯಾವ ಹಿತ್ತಿಲಿನಲ್ಲಿಯೂ ಇಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

‘ನಿಸರ್ಗದ್ದು’ ಎಂದ ಮಾತ್ರಕ್ಕೆ ನಿರಪಾಯವೆಂದೂ ಭಾವಿಸಬಾರದು. ತಾಮ್ರವೂ ಗಂಧಕವೂ ಭೂಮಿಯಿಂದ ಬಂದವುಗಳೇ. ಹಾಗೆಯೇ ‘ರಾಸಾಯನಿಕ’ ಎಂದ ಮಾತ್ರಕ್ಕೆ ರೈತನನ್ನು ದೂರುವುದೂ ಸರಿಯಲ್ಲ. ಆಗುಂಬೆಯ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಂಥ ಮಳೆಯಲ್ಲಿ ತೋಟ ಮಾಡುವವನಿಗೆ, ಮರ ಹತ್ತುವವರು ಸಿಗದ ವರ್ಷ, ಔಷಧಿಯನ್ನು ಪೂರ್ತಿ ಬಿಡು ಎಂದು ಪೇಟೆಯ ಕುರ್ಚಿಯಲ್ಲಿ ಕುಳಿತು ಹೇಳುವುದು ಸುಲಭ. ಅವನಿಂದ ಕೇಳಬಹುದಾದದ್ದು ಇಷ್ಟು: ಮೊದಲು ಶುಚಿತ್ವ, ಬಸಿಗಾಲುವೆ, ಆಮೇಲೆ ಸಾಧ್ಯವಾದ ಮರಗಳಿಗೆ ಕೊಟ್ಟೆ, ಬುಡಕ್ಕೆ ಜೀವದ ಗೊಬ್ಬರ, ಇಷ್ಟನ್ನೂ ಮಾಡಿ ಉಳಿದ ಅಪಾಯಕ್ಕೆ ಮಾತ್ರ, ಅಳತೆ ತಪ್ಪದಂತೆ, ಮೈಲುತುತ್ತ. ಈ ಕ್ರಮದಲ್ಲಿ ನಡೆದರೆ ಮೊಮ್ಮಗನ ಮಣ್ಣಿಗೆ ಬೀಳುವ ತಾಮ್ರ ತಾನಾಗಿ ಕಡಿಮೆಯಾಗುತ್ತದೆ.

ಮುಂಗಾರಿನ ಮೊದಲ ಮಳೆ ನಮ್ಮ ಮಾಳಿಗೆಯ ಮೇಲೆ ಸದ್ದು ಮಾಡಿದಾಗ ನಾವು ಕಿಟಕಿ ಮುಚ್ಚಿ, ಕಾಫಿ ಕಾಸಿಕೊಂಡು, ರೇಡಿಯೋದ ಹತ್ತಿರ ಕೂರುತ್ತೇವೆ. ಮಲೆನಾಡಿನ ತೋಟದಲ್ಲಿ ಆ ಹೊತ್ತಿಗೆ ಕಾಲುವೆ ಕೆತ್ತಿ, ಗೊಬ್ಬರ ಹಾಕಿ, ಕೊನೆಯ ಕೊಟ್ಟೆಯನ್ನು ಕಟ್ಟಿ ಮರದಿಂದ ಇಳಿದಿರಬೇಕು.